ಚಿಕ್ಕಜಾಜೂರು ಜಂಕ್ಷನ್ ಮಾಡೆಲ್‌ಗೆ ನಲವತ್ತು ದೀಪ: ಅಗ್ಗದ ಎಲ್‌ಇಡಿ ನಂಬಬಹುದಾ?

ಪ್ರಶ್ನೆ: "ಸರ್ ನಮಸ್ಕಾರ. ನಾನು ಚಿತ್ರದುರ್ಗದವ್ನು, ಕಾಲೇಜಲ್ಲಿ ಕೆಲ್ಸ. ಮನೆ ಮೇಲಿನ ರೂಮಲ್ಲಿ ಎಂಟಡಿ ನಾಲ್ಕಡಿ ಪ್ಲೈವುಡ್ ಮೇಲೆ ಎಚ್‌ಒ ಸ್ಕೇಲಲ್ಲಿ (ನಿಜದ 87ರಲ್ಲಿ ಒಂದು ಅಳತೆ) ಚಿಕ್ಕಜಾಜೂರು ಜಂಕ್ಷನ್ ರೈಲ್ವೆ ಮಾಡೆಲ್ ಕಟ್ತಾ ಇದೀನಿ, ಮೀಟರ್ ಗೇಜ್ ಕಾಲದ್ದು. ಪ್ಲಾಟ್‌ಫಾರ್ಮ್, ಗೂಡ್ಸ್ ಯಾರ್ಡ್, ಕ್ವಾರ್ಟರ್ಸ್, ಕೈಮರ (ಹಳೇ ತೋಳಿನ ಸಿಗ್ನಲ್ ಕಂಬ) ಎಲ್ಲಾ ಸೇರಿ ನಲವತ್ತು ದೀಪ ಬೇಕು. ಫಾರಿನ್ ಕಂಪನಿ ರೆಡಿ ಲ್ಯಾಂಪ್ ಪೋಸ್ಟ್ ರೇಟ್ ನೋಡಿದ್ರೆ ಕೈಗೆಟುಕಲ್ಲ. ಲೋಕಲ್ ಅಂಗಡೀಲಿ 5 ಮಿಮೀ ಎಲ್‌ಇಡಿ ತಂದು 12 ವೋಲ್ಟ್ ಅಡಾಪ್ಟರ್‌ಗೆ ಕೊಟ್ಟೆ, ಐದಾರು ಸುಟ್ವು. ಆಮೇಲೆ ಒಂದು ಕೆಂಪು, ಮೂರು ಬಿಳಿ ಒಟ್ಟಿಗೆ ಪ್ಯಾರಲಲ್ ಮಾಡಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ) ಒಂದೇ ರೆಸಿಸ್ಟರ್ ಹಾಕ್ದೆ, ಕೆಂಪು ಮಾತ್ರ ಉರೀತು. ಅಂಗಡಿಯವ್ರು ಇದು 3 ವೋಲ್ಟ್ ಎಲ್‌ಇಡಿ, ಎರಡು ಪೆನ್ ಸೆಲ್ ಹಾಕಿದ್ರೆ ರೆಸಿಸ್ಟರೇ ಬೇಡ ಅಂತಾರೆ. ನಮ್ ಭಾವ ದೀಪಾವಳಿ ಸೀರಿಯಲ್ ಸೆಟ್ಟನ್ನೇ ಬೋರ್ಡ್ ಅಡಿಗೆ ಎಳೆದುಬಿಡು ಅಂತಾರೆ. ಬೋಗಿ ಒಳಗೆ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ಅಂಟಿಸಿದೀನಿ, ರೈಲು ಜೋರಾಗಿ ಓಡಿದ್ರೆ ಮಾತ್ರ ಉರಿಯುತ್ತೆ, ಅದೂ ಮಿಣಮಿಣ ಅನ್ನುತ್ತೆ. ಅಗ್ಗದ ಎಲ್‌ಇಡಿ ಬೇಗ ಹೋಗ್ತವಾ? ಮಗ ಕೈ ಹಾಕ್ತಾನೆ, ಶಾಕ್, ಬೆಂಕಿ ಭಯ ಏನಾದ್ರೂ ಇದೆಯಾ?"

ಉತ್ತರ: ನಮಸ್ಕಾರ ಸರ್. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆ ಕಲಸಿಕೊಂಡಿದಾವೆ. ಕಡಿಮೆ ರೇಟಿನ ಮಾಲು ಬಾಳಿಕೆ ಬರುತ್ತಾ ಅನ್ನೋದು ಒಂದು, ತಂದಿದ್ದು ಯಾಕೆ ಸುಡ್ತು ಅನ್ನೋದು ಇನ್ನೊಂದು, ಮನೇಲಿ ಮಗು ಇರೋವಾಗ ಇದು ಸೇಫಾ ಅನ್ನೋದು ಮೂರನೇದು. ದಾವಣಗೆರೆಯಲ್ಲಿ ರಿಪೇರಿ ಬೆಂಚು, ಎಲ್‌ಇಡಿ ಬೋರ್ಡ್ ಕೆಲ್ಸ ಅಂತಾನೇ ದಿನ ಕಳೆಯೋನು ನಾನು, ಅದಕ್ಕೆ ಕೊನೇದನ್ನೇ ಮೊದ್ಲು ಹೇಳ್ತೀನಿ, ಯಾಕಂದ್ರೆ ಮಿಕ್ಕಿದ್ದೆಲ್ಲ ತಪ್ಪಿದ್ರೆ ಎರಡು ರೂಪಾಯಿ ಎಲ್‌ಇಡಿ ಹೋಗುತ್ತೆ ಅಷ್ಟೇ, ಇದು ತಪ್ಪಿದ್ರೆ ಜೀವ.

ಭಾವನವರ ಐಡಿಯಾ ಮಾತ್ರ ಖಂಡಿತ ಬೇಡ. ಗೋಡೆ ಪ್ಲಗ್ಗಿಗೆ ಹಾಕೋ ಸೀರಿಯಲ್ ಸೆಟ್ ಒಳಗೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರಲ್ಲ. ಹತ್ತಾರು ಎಲ್‌ಇಡಿ ಸಾಲಾಗಿ ಜೋಡಿಸಿ ಅದಕ್ಕೊಂದು ಡಯೋಡ್, ರೆಸಿಸ್ಟರ್ ಇಟ್ಟು ನೇರ 230 ವೋಲ್ಟ್ ಲೈನಿಗೇ ಕೊಟ್ಟಿರ್ತಾರೆ. ಒಂದೊಂದು ಎಲ್‌ಇಡಿ ಮೇಲೆ ಬೀಳೋದು 3 ವೋಲ್ಟ್ ಅನ್ನೋದು ನಿಜ, ಆದ್ರೆ ಆ ವೈರು ಎಲ್ಲಾದ್ರೂ ಸುಲಿದು ನೆಲದ ಮೇಲೆ ನಿಂತ ಮಗು ಮುಟ್ಟಿದ್ರೆ ಸಿಗೋದು 3 ವೋಲ್ಟ್ ಅಲ್ಲ, ಪೂರ್ತಿ ಲೈನು. ದುಗ್ಗಮ್ಮನ ಜಾತ್ರೆಗೆ, ಗಣಪತಿ ಪೆಂಡಾಲಿಗೆ ಅದನ್ನ ಕೈಗೆ ಸಿಗದಷ್ಟು ಎತ್ತರದಲ್ಲಿ ಕಟ್ಟೋದೇ ಅದಕ್ಕೆ. ನೀವು ಅದನ್ನ ಲೋಹದ ಹಳಿ ಪಕ್ಕ, ಅಂಗೈ ಅಳತೆ ಮನೆಗಳ ಒಳಗೆ ತೂರಿಸೋಕೆ ಹೊರಟಿದೀರಿ, ಹಳಿಗೊಂದು ಎಳೆ ತಾಗಿದ್ರೂ ಇಡೀ ಲೈನಿಗೆ ಕರೆಂಟ್ ಬಂತು. ಹಳೇ ಸೀರಿಯಲ್ ಸೆಟ್ ಮನೇಲಿ ಬಿದ್ದಿದ್ರೆ ಪ್ಲಗ್ ಕಡೆ ತುದಿ ಕತ್ತರಿಸಿ ಬಿಸಾಕಿ, ಒಳಗಿನ ಎಲ್‌ಇಡಿ ಒಂದೊಂದಾಗಿ ಬಿಡಿಸಿಕೊಂಡು ಬಳಸ್ರಿ, ಅದಕ್ಕೇನೂ ತೊಂದ್ರೆ ಇಲ್ಲ. ಬೋರ್ಡಿನ ಅಡಿಗೆ 12 ವೋಲ್ಟಿಗಿಂತ ಜಾಸ್ತಿ ಏನೂ ಬರಬಾರ್ದು, ಇಷ್ಟು ಗಟ್ಟಿ ಮಾಡ್ಕೊಂಡ್ರೆ ಶಾಕ್ ಚಿಂತೆ ಮುಗೀತು.

ಈಗ ಸುಟ್ಟಿದ್ದರ ವಿಷ್ಯ. ಎಲ್‌ಇಡಿ ಬಲ್ಬ್ ಥರ ಅಲ್ಲ, ತನಗೆ ಬೇಕಾದಷ್ಟೇ ಕರೆಂಟ್ ಎಳ್ಕೊಂಡು ಸುಮ್ನೆ ಇರೋ ಸ್ವಭಾವ ಅದಕ್ಕಿಲ್ಲ. ಬಿಳಿ ಎಲ್‌ಇಡಿ 3 ವೋಲ್ಟ್ ಹತ್ರ ಬರೋವರೆಗೂ ಸತ್ತಂಗೆ ಇರುತ್ತೆ, ಅಲ್ಲಿಂದ ಅರ್ಧ ವೋಲ್ಟ್ ಏರಿಸಿದ್ರೆ ಕರೆಂಟು ಎಷ್ಟೋ ಪಟ್ಟು ಜಿಗಿಯುತ್ತೆ, ಬಿಸಿ ಆಗುತ್ತೆ, ಬಿಸಿ ಆದಂಗೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತೆ, ಇಳಿದಂಗೆ ಇನ್ನೂ ಕರೆಂಟ್ ಎಳಿಯುತ್ತೆ, ಕೊನೆಗೆ ಚಟ್ ಅಂತ ಹೋಗುತ್ತೆ. ಅಷ್ಟು ಮಾತ್ರ ಬಿಡು ಅಂತ ಎದುರಿಗೆ ಒಂದು ರೆಸಿಸ್ಟರ್ ನಿಲ್ಲಿಸ್ಬೇಕು. ನಿಮ್ಮ ಎಲ್‌ಇಡಿ ಕಳಪೆ ಅಂತ ಸುಟ್ಟಿದ್ದಲ್ಲ, ಎಷ್ಟೇ ದುಬಾರಿದು ತಂದು ರೆಸಿಸ್ಟರ್ ಇಲ್ದೆ 12 ವೋಲ್ಟ್ ಕೊಟ್ಟಿದ್ರೂ ಅದೇ ಗತಿ ಆಗ್ತಿತ್ತು.

ಕೆಂಪು ಮಾತ್ರ ಉರಿದಿದ್ದು ಯಾಕೆ ಅಂದ್ರೆ, ಕೆಂಪಿಗೆ 2 ವೋಲ್ಟ್ ಸಾಕು, ಬಿಳಿಗೆ 3 ಬೇಕು. ನಾಲ್ಕನ್ನೂ ಪ್ಯಾರಲಲ್ ಮಾಡಿ ಒಂದೇ ರೆಸಿಸ್ಟರ್ ಕೊಟ್ರೆ ಕೆಂಪು ಇಡೀ ಗುಂಪನ್ನ 2 ವೋಲ್ಟಿಗೆ ಹಿಡಿದು ನಿಲ್ಲಿಸುತ್ತೆ, ಬಿಳಿಗೆ ಬೇಕಾದ 3 ಬರೋದೇ ಇಲ್ಲ. ಎಲ್ಲಾ ಬಿಳಿಯೇ ಹಾಕಿದ್ರೂ ಒಂದೊಂದರ ವೋಲ್ಟೇಜ್ ಚೂರು ಆಚೆ ಈಚೆ ಇರುತ್ತೆ, ಒಂದು ಪ್ರಕಾಶ ಒಂದು ಮಂಕು ಆಗುತ್ತೆ. ಹಂಗಾಗಿ ಪ್ಯಾರಲಲ್ ಅಂದ್ರೆ ಪ್ರತಿ ಎಲ್‌ಇಡಿಗೂ ಅದರದ್ದೇ ರೆಸಿಸ್ಟರ್. ಅದಕ್ಕೆ ಬೀಳೋದು ಕಾಸು ಲೆಕ್ಕ, ಅಲ್ಲಿ ಉಳಿಸೋಕೆ ಹೋಗ್ಬೇಡ್ರಿ.

ಅಂಗಡಿಯವ್ರು ಹೇಳಿದ್ದು ಅರ್ಧ ಸರಿ. ಎರಡು ಪೆನ್ ಸೆಲ್ಲಿಗೆ ಬಿಳಿ ಎಲ್‌ಇಡಿ ನೇರ ಕೊಟ್ರೆ ಸಾಮಾನ್ಯವಾಗಿ ಉರಿಯುತ್ತೆ, ಯಾಕಂದ್ರೆ 3 ವೋಲ್ಟ್ ಅದರ ಹೊಸ್ತಿಲಲ್ಲೇ ಇರುತ್ತೆ. ಬಟನ್ ಸೆಲ್ ಹಾಕಿದ ಕೀಚೈನ್ ಟಾರ್ಚಲ್ಲೂ ರೆಸಿಸ್ಟರ್ ಇರಲ್ಲ, ಅಲ್ಲಿ ಆ ಸೆಲ್ಲಿಗೇ ಜಾಸ್ತಿ ಕರೆಂಟ್ ಕೊಡೋ ತಾಕತ್ತಿಲ್ಲ, ಅದೇ ಕಾಪಾಡುತ್ತೆ. ಆದ್ರೆ ಅದೇ ಎರಡು ಪೆನ್ ಸೆಲ್ಲಿಗೆ ಕೆಂಪು, ಹಳದಿ ನೇರ ಕೊಟ್ರೆ ಹೋಯ್ತು. ನಲವತ್ತು ದೀಪಕ್ಕೆ ಸೆಲ್ ಬದಲಾಯಿಸ್ತಾ ಕೂತ್ರೆ ಒಂದು ವರ್ಷದಲ್ಲಿ ಅಡಾಪ್ಟರ್‌ಗಿಂತ ಜಾಸ್ತಿ ಖರ್ಚು ಬೇರೆ.

ರೆಸಿಸ್ಟರ್ ಲೆಕ್ಕ ಹಿಂಗೆ ನೋಡ್ರಿ. 12ರಲ್ಲಿ ಬಿಳಿ ಎಲ್‌ಇಡಿಯ 3 ಕಳೆದ್ರೆ 9 ವೋಲ್ಟ್ ಉಳಿತು. ಎಷ್ಟು ಕರೆಂಟ್ ಬೇಕೋ ಅದರಿಂದ ಭಾಗಿಸ್ರಿ. ಎಲ್‌ಇಡಿ ಪ್ಯಾಕೆಟ್ ಮೇಲೆ 20 ಮಿಲಿ ಆಂಪ್ ಅಂತ ಇರುತ್ತೆ, ಅದು ತಡ್ಕೊಳ್ಳೋ ಮಿತಿ, ಅಷ್ಟು ಕೊಡಲೇಬೇಕು ಅಂತೇನಿಲ್ಲ, ತುಂಬಾ ಜನ ಅದನ್ನ ಹಂಗೇ ತಿಳ್ಕೊಂಡು 470 ಓಮ್ ಹಾಕಿ ಕೂರ್ತಾರೆ. ನಿಮ್ಮ ಮಾಡೆಲ್ಲಿಗೆ 2-3 ಮಿಲಿ ಆಂಪ್ ಧಾರಾಳ. 9 ಭಾಗಿಸು 0.003 ಅಂದ್ರೆ 3000 ಓಮ್, ಅಂಗಡೀಲಿ 3.3 ಕೆ (ಅಂದ್ರೆ 3300 ಓಮ್) ಅಂತ ಕೇಳ್ರಿ, ಕಾಲು ವ್ಯಾಟಿಂದು ಸಾಕು. ಕ್ವಾರ್ಟರ್ಸ್ ಕಿಟಕಿಗೆ ಅದೂ ಜಾಸ್ತಿ ಅನ್ಸಿದ್ರೆ 10 ಕೆ ಹಾಕ್ರಿ, ಪಟ್ಟಿ ಬಣ್ಣ ಕಂದು, ಕಪ್ಪು, ಕಿತ್ತಳೆ, ಆಗಲೂ ರಾತ್ರಿ ರೂಮ್ ಲೈಟ್ ಆರಿಸಿದ್ರೆ ಚೆನ್ನಾಗೇ ಕಾಣುತ್ತೆ. ಈಗಿನ ಎಲ್‌ಇಡಿಗಳು ವಿಪರೀತ ಬೆಳಕಿನವು, ಮಾಡೆಲ್ ನೋಡೋಕೆ ಆಟಿಕೆ ಥರ ಅನ್ಸೋದಕ್ಕೆ ಮುಖ್ಯ ಕಾರಣ ಜಾಸ್ತಿ ಬೆಳಕು. ಅಲ್ಲದೆ 12 ವೋಲ್ಟಿಗೆ ಮೂರು ಬಿಳಿ ಸಾಲಾಗಿ ಜೋಡಿಸಿ ಒಂದೇ ರೆಸಿಸ್ಟರ್ ಹಾಕಬಹುದು, ಮೂರು ಮೂರಲ್ಲಿ ಒಂಬತ್ತು, ಉಳಿದ 3 ವೋಲ್ಟಿಗೆ 1 ಕೆ ಹಾಕಿದ್ರೆ ಅದೇ 3 ಮಿಲಿ ಆಂಪ್. ನಾಲ್ಕು ಹಾಕ್ಬೇಡ್ರಿ, ನಾಲ್ಕು ಮೂರಲ್ಲಿ ಹನ್ನೆರಡು, ರೆಸಿಸ್ಟರ್‌ಗೆ ಏನೂ ಉಳಿಯಲ್ಲ, ಒಂದು ದಿನ ಉರಿಯುತ್ತೆ ಒಂದು ದಿನ ಇಲ್ಲ.

ಇಲ್ಲೇ ನಿಮ್ಮ ಬಾಳಿಕೆ ಪ್ರಶ್ನೆಗೂ ಉತ್ತರ ಐತೆ. ಅಗ್ಗದ ಬಿಳಿ ಎಲ್‌ಇಡಿ 20 ಮಿಲಿ ಆಂಪಲ್ಲಿ ದಿನಗಟ್ಲೆ ಉರಿಸಿದ್ರೆ ಕೆಲವು ಸಾವಿರ ಗಂಟೆಲಿ ಮಂಕಾಗುತ್ತೆ, ಒಳಗಿನ ಚಿಪ್ಪಿನ ಶಾಖಕ್ಕೆ ಅದರ ಮೇಲಿನ ಹಳದಿ ಲೇಪನ, ಅಂಟು ಎರಡೂ ಕೆಡುತ್ವೆ. ಇದು ನಿಜವಾದ ದೋಷ. 2-3 ಮಿಲಿ ಆಂಪಲ್ಲಿ ಆ ಶಾಖವೇ ಹುಟ್ಟಲ್ಲ, ವಾರಕ್ಕೆ ನಾಲ್ಕಾರು ಗಂಟೆ ಉರಿಸೋ ನಿಮಗೆ ವರ್ಷಾನುಗಟ್ಲೆ ಬರುತ್ತೆ. ಅಗ್ಗದ ಮಾಲಲ್ಲಿ ಇರೋ ಇನ್ನೊಂದು ಕಿರಿಕಿರಿ ಬಣ್ಣದ್ದು. ಒಂದೇ ಪ್ಯಾಕೆಟ್ಟಲ್ಲೂ ಒಂದು ನೀಲಿ ಕಡೆ, ಒಂದು ಹಳದಿ ಕಡೆ ವಾಲಿರುತ್ತೆ. ನೂರು ತಗೊಂಡು ಸಿಆರ್2032 ಬಟನ್ ಸೆಲ್ಲಿಗೆ ಒಂದೊಂದೇ ಹಿಡಿದು ನೋಡ್ರಿ, ಉದ್ದ ಕಾಲು ಪ್ಲಸ್‌ಗೆ, ಒಂದೇ ಥರ ಕಾಣೋದನ್ನ ಪ್ಲಾಟ್‌ಫಾರ್ಮಿಗೆ ಎತ್ತಿಡ್ರಿ, ಮಿಕ್ಕಿದ್ದನ್ನ ಮನೆಗಳಿಗೆ ಹಾಕ್ರಿ, ಮನೆ ಮನೆಗೆ ಬೇರೆ ಬೇರೆ ಇದ್ರೇನೇ ಚೆಂದ.

ಎಲ್ಲಿ ಸಿಗುತ್ತೆ ಅಂದ್ರೆ, ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜ್ ಹುಡುಗ್ರು ಪ್ರಾಜೆಕ್ಟಿಗೆ ಸಾಮಾನು ತಗೊಳ್ಳೋವಂಥ ಎಲೆಕ್ಟ್ರಾನಿಕ್ಸ್ ಅಂಗಡಿಗಳು ದಾವಣಗೆರೆಯಲ್ಲಿದಾವೆ, ಅಂಥಲ್ಲಿ 3 ಮಿಮೀ ಎಲ್‌ಇಡಿ, ರೆಸಿಸ್ಟರ್ ಬಿಡಿಯಾಗಿ ಕೊಡ್ತಾರೆ. ನೂರರ ಲೆಕ್ಕದಲ್ಲಿ ತಗೊಂಡ್ರೆ ಎಲ್‌ಇಡಿ ಒಂದೆರಡು ರೂಪಾಯಿಗೆ ಬೀಳುತ್ತೆ. ಬೆಂಗಳೂರಿಗೆ ಹೋಗೋ ಕೆಲ್ಸ ಇದ್ರೆ ಎಸ್.ಪಿ. ರೋಡಲ್ಲಿ ಇನ್ನೂ ಕಡಿಮೆ. ಆದ್ರೆ 5 ಮಿಮೀ ಮತ್ತೆ ತರಬೇಡ್ರಿ. ಎಚ್‌ಒ ಅಂದ್ರೆ 87ರಲ್ಲಿ ಒಂದು, 5 ಮಿಮೀ ಅಂದ್ರೆ ನಿಜ ಅಳತೆಯಲ್ಲಿ 43 ಸೆಂಟಿಮೀಟರ್ ಅಗಲದ ಬುರುಡೆ ಆಯ್ತು, ಯಾವ ಸ್ಟೇಷನ್ನಲ್ಲೂ ಅಂಥಾ ದೀಪ ಇರಲಿಲ್ಲ. 3 ಮಿಮೀದು 26 ಸೆಂಟಿಮೀಟರ್, ಯಾರ್ಡ್ ಲೈಟಿಗೆ ನಡಿಯುತ್ತೆ. ಕಂಬದ ದೀಪಕ್ಕೆ, ಕೈಮರಕ್ಕೆ 0603 ಅನ್ನೋ ಎಸ್‌ಎಂಡಿ (ಕಾಲಿಲ್ಲದ ಪುಟ್ಟ ಎಲ್‌ಇಡಿ) ತಗೊಳ್ರಿ, 1.6 ಮಿಮೀ ಉದ್ದ, ಅಂದ್ರೆ ಸುಮಾರು 14 ಸೆಂಟಿಮೀಟರ್, ಹಳೇ ಲಾಂದ್ರದ ಗಾಜಿನ ಅಳತೆಗೆ ಸರಿಯಾಗುತ್ತೆ. ಬೆಸುಗೆ ಕೈ ಕೂತಿಲ್ಲ ಅಂದ್ರೆ ವೈರ್ ಹಚ್ಚಿದ್ದೇ ಆನ್‌ಲೈನಲ್ಲಿ ಸಿಗುತ್ತೆ, ರೇಟ್ ಕೆಲವು ಪಟ್ಟು ಜಾಸ್ತಿ, ಆದ್ರೂ ರೆಡಿ ಲ್ಯಾಂಪ್ ಪೋಸ್ಟ್ ಮುಂದೆ ಏನೂ ಅಲ್ಲ. ಕಿಟಕಿ ಹಿಂದೆ ಕೂರೋ ದೀಪಕ್ಕೆ ಮಾತ್ರ ನಿಮ್ಮ ಹತ್ರ ಉಳಿದಿರೋ 5 ಮಿಮೀ ಹಾಕ್ರಿ, ಕಾಣಲ್ಲ.

ವೈರಿಗೆ ಯಾವ ಹಾಬಿ ಅಂಗಡಿಗೂ ಹೋಗ್ಬೇಡ್ರಿ. ನಮ್ಮ ಕಡೆ ಬೋರ್‌ವೆಲ್ ಇದ್ದ ಕಡೆಯೆಲ್ಲ ಮೋಟರ್ ರಿವೈಂಡಿಂಗ್ ಅಂಗಡಿ ಐತೆ, ನಿಮ್ಮ ಚಿತ್ರದುರ್ಗದಲ್ಲೂ ಸಿಗುತ್ತೆ. ಸಬ್‌ಮರ್ಸಿಬಲ್ ಮೋಟರ್ ವೈರ್ ಕೊಡ್ತಾರೆ, ಬೇಡ ಅನ್ರಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿರುತ್ತೆ, ದಪ್ಪ. ಸೀಲಿಂಗ್ ಫ್ಯಾನ್ ವೈಂಡಿಂಗ್ ತಾಮ್ರದ ವೈರ್, 36 ಗೇಜ್ ಆಸುಪಾಸಿಂದು ಸ್ವಲ್ಪ ತೂಕಕ್ಕೆ ಕೇಳ್ರಿ. 0.2 ಮಿಮೀಗೂ ಸಣ್ಣ, ಮೇಲೆ ಎನಾಮಲ್ ಇನ್ಸುಲೇಷನ್ ಇರುತ್ತೆ, ಲಾಂದ್ರ ಕಂಬದೊಳಗೆ ಎರಡು ಎಳೆ ಸಲೀಸಾಗಿ ಇಳಿಯುತ್ವೆ. ಒಂದು ವಿಷ್ಯ ಗೊತ್ತಿರಲಿ, ಮೋಟರ್ ವೈರಿನ ಎನಾಮಲ್ ಶಾಖ ತಡ್ಕೊಳ್ಳೋಕೇ ಮಾಡಿದ್ದು, ಬೆಸುಗೆ ಕಡ್ಡಿ ಇಟ್ರೆ ಕರಗಲ್ಲ, ಬ್ಲೇಡಿನಿಂದ ಅಥ್ವಾ ಉಪ್ಪುಕಾಗದದಿಂದ ತುದಿ ಕೆರೆದು ತಾಮ್ರ ಹೊಳೆದ ಮೇಲೇ ಬೆಸುಗೆ ಹಿಡಿಯೋದು. ಎಲ್‌ಇಡಿ ಸರಿ ಇದ್ರೂ ಉರಿತಿಲ್ಲ ಅಂತ ನನ್ನ ಹತ್ರ ಬರೋರಲ್ಲಿ ಬಹಳ ಜನದ್ದು ಇದೇ ಸಮಸ್ಯೆ.

ಹಾಳಾದ 9 ವ್ಯಾಟ್ ಬಲ್ಬ್ ಬಿಚ್ಚಿ ಎಲ್‌ಇಡಿ ಕಿತ್ಕೊಳ್ಳೋಣ ಅಂತಾನೂ ಕೆಲವ್ರು ಕೇಳ್ತಾರೆ. ಅದು ದಂಡ. ನೋಡೋಕೆ ಒಂದೇ ಬಿಲ್ಲೆ ಥರ ಇದ್ರೂ ಈಗಿನ ಬಲ್ಬಲ್ಲಿ ಒಂದು ಬಿಲ್ಲೆ ಒಳಗೇ ಹಲವು ಚಿಪ್ ಸಾಲಾಗಿರ್ತವೆ, ಒಂದೊಂದಕ್ಕೆ 9 ವೋಲ್ಟ್, 18 ವೋಲ್ಟ್ ಬೇಕಾಗುತ್ತೆ, 12 ವೋಲ್ಟಲ್ಲಿ ಕೆಲವು ಉರಿಯೋದೇ ಇಲ್ಲ.

ಅಗ್ಗ ಅಂದ್ರೆ ಅಸಲಿಗೆ ಅಗ್ಗ ನಿಮ್ಮ ಕೈಲಿರೋ ಆ ಸ್ಟ್ರಿಪ್ಪೇ. ಮೀಟರಿಗೆ 60 ಎಲ್‌ಇಡಿ, ಐದು ಮೀಟರ್ ರೋಲಲ್ಲಿ 300, ರೆಸಿಸ್ಟರ್ ಕೂಡಾ ಅದರ ಮೇಲೇ ಬೆಸೆದಿರುತ್ತೆ, ಮೂರು ಮೂರಕ್ಕೆ ಕತ್ತರಿಸೋ ಗುರುತು ಇರುತ್ತೆ. 2835 ಅಥ್ವಾ 3528 ಅಂತ ಇರೋದು ತಗೊಳ್ರಿ, 5050 ಬೇಡ, ಅದು ಮೂರು ಪಟ್ಟು ಕರೆಂಟ್ ಎಳೆಯುತ್ತೆ, ಬಿಸಿಯಾಗುತ್ತೆ. ಪ್ಲಾಟ್‌ಫಾರ್ಮ್ ಶೆಡ್ಡಿನ ಚಾವಣಿ ಅಡಿಗೆ, ಗೂಡ್ಸ್ ಶೆಡ್ ಒಳಗೆ ಇದನ್ನ ಅಂಟಿಸ್ರಿ. 12 ವೋಲ್ಟ್ ಪೂರ್ತಿ ಕೊಟ್ರೆ ಮದುವೆ ಮಂಟಪದ ಬೆಳಕು ಬರುತ್ತೆ, ಅದಕ್ಕೆ ಎಲ್‌ಎಂ2596 ಅನ್ನೋ ಸಣ್ಣ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸೋ) ಮಾಡ್ಯೂಲ್ ನಡುವೆ ಹಾಕಿ ಅದರ ಸ್ಕ್ರೂ ತಿರುಗಿಸಿ 9 ವೋಲ್ಟ್ ಹತ್ರ ಇಳಿಸಿ ನೋಡ್ರಿ, ಹದವಾದ ಬೆಳಕು ಬರುತ್ತೆ, ಇಡೀ ಶೆಡ್ಡನ್ನ ಒಂದೇ ಸ್ಕ್ರೂನಿಂದ ಹೆಚ್ಚು ಕಡಿಮೆ ಮಾಡಬಹುದು.

ಬಣ್ಣದ ಬಗ್ಗೆ ನನಗೆ ಸ್ವಲ್ಪ ಜಾಸ್ತಿನೇ ಹೇಳೋದಿದೆ. ಮಾಡೆಲ್ ಅಂದ್ರೆ ವಾರ್ಮ್ ವೈಟೇ ಹಾಕ್ಬೇಕು ಅಂತ ಎಲ್ರೂ ಹೇಳ್ತಾರೆ, ಅದು ಯುರೋಪಿನ ಸ್ಟೇಷನ್ ನೋಡ್ಕೊಂಡು ಹೇಳೋ ಮಾತು. ನಮ್ಮ ಪ್ಲಾಟ್‌ಫಾರ್ಮಲ್ಲಿ ಟ್ಯೂಬ್‌ಲೈಟ್ ಇತ್ತು, ಅದು ತಣ್ಣನೆ ಬಿಳಿ, ಕೂಲ್ ವೈಟ್ ಎಲ್‌ಇಡಿ ಅಲ್ಲಿ ಸರಿಯಾಗೇ ಕೂರುತ್ತೆ. ಬೋಗಿ ಒಳಗೆ ಡೈನಮೊದಿಂದ ಉರೀತಿದ್ದ ಮಂಕು ಬಲ್ಬು, ಕ್ವಾರ್ಟರ್ಸಲ್ಲಿ 40 ವ್ಯಾಟ್ ಬಲ್ಬು, ಅಲ್ಲಿಗೆ ವಾರ್ಮ್ ವೈಟ್, 2700 ಕೆಲ್ವಿನ್ ಅಂತ ಇರೋದು. ಯಾರ್ಡಲ್ಲಿ ಸೋಡಿಯಂ ದೀಪ ತೋರಿಸ್ಬೇಕು ಅಂದ್ರೆ ಹಳದಿ-ಕಿತ್ತಳೆ ಎಲ್‌ಇಡಿ. ಕೂಲ್ ವೈಟ್ ಮಾತ್ರ ಸಿಕ್ತು ಅಂದ್ರೆ ಸ್ಟೇಷನರಿ ಅಂಗಡೀಲಿ ಗಾಜಿನ ಮೇಲೆ ಬರಿಯೋ ಗ್ಲಾಸ್ ಕಲರ್ ಸಿಗುತ್ತೆ, ಹಳದಿಗೆ ಒಂದು ಹನಿ ಕಿತ್ತಳೆ ಸೇರಿಸಿ ಎಲ್‌ಇಡಿ ಮೂತಿಗೆ ಹಚ್ರಿ, ಒಂದು ಬಾಟಲಿ ಇಡೀ ಊರಿಗೆ ಆಗುತ್ತೆ.

ಕೈಮರದಲ್ಲಿ ಮಾತ್ರ ಹುಷಾರು. ಹಳೇ ಕೈಮರದ ಹಸಿರು ಗಾಜು ಹಗಲಲ್ಲಿ ನೋಡಿದ್ರೆ ನೀಲಿ ಕಡೆ ಇರ್ತಿತ್ತು, ಹಿಂದಿದ್ದ ಸೀಮೆಎಣ್ಣೆ ದೀಪದ ಹಳದಿ ಬೆಳಕು ಅದರೊಳಗೆ ಹಾದು ಬಂದಾಗ ದೂರಕ್ಕೆ ಹಸಿರು ಕಾಣ್ತಿತ್ತು. ನೀವು ಆ ಬಣ್ಣದ ಫಿಲ್ಮ್ ನಿಜದ ಥರಾನೇ ಹಾಕಿ ಹಿಂದೆ ಕೂಲ್ ವೈಟ್ ಇಟ್ರೆ ಸಿಗ್ನಲ್ ನೀಲಿ ಆಗುತ್ತೆ. ವಾರ್ಮ್ ವೈಟ್‌ಗೆ ಇನ್ನೊಂದು ಕೋಟ್ ಹಳದಿ ಬಳಿದು 10 ಕೆ ರೆಸಿಸ್ಟರಲ್ಲಿ ಉರಿಸಿ ನೋಡ್ರಿ. ಮುಂದೆ ಬಣ್ಣದ ದೀಪದ ಸಿಗ್ನಲ್ ಮಾಡೋದಾದ್ರೆ ಗಿಳಿ ಹಸಿರು ಬಣ್ಣದ ಹಳೇ ಥರದ ಎಲ್‌ಇಡಿ ತರಬೇಡ್ರಿ, ಪ್ಯೂರ್ ಗ್ರೀನ್ ಅಂತ ಕೇಳ್ರಿ, ಅದಕ್ಕೆ 3 ವೋಲ್ಟ್ ಬೇಕು, ಬೆಳಕೂ ತುಂಬಾ ಜೋರು, ಕೆಂಪಿಗಿಂತ ದೊಡ್ಡ ರೆಸಿಸ್ಟರ್ ಹಾಕಿದ್ರೇ ಎರಡೂ ಸಮ ಕಾಣೋದು.

ಮನೆಗಳಿಗೆ ಸನ್‌ಬೋರ್ಡ್, ಡ್ರಾಯಿಂಗ್ ಶೀಟ್ ಬಳಸಿದ್ರೆ ಗೋಡೆ ಗೋಡೆನೇ ಹೊಳಿಯುತ್ತೆ, ಒಳಗಡೆ ಮೊದ್ಲು ಕಪ್ಪು ಪೇಂಟ್ ಹೊಡೀರಿ.

ಪವರ್ ಎಲ್ಲಿಂದ ಅಂದ್ರೆ, ನಲವತ್ತು ದೀಪಕ್ಕೆ ತಲಾ 3 ಮಿಲಿ ಆಂಪ್ ಅಂದ್ರೆ 120 ಮಿಲಿ ಆಂಪ್ ಆಯ್ತು, ಮೂರ್ನಾಲ್ಕು ಅಡಿ ಸ್ಟ್ರಿಪ್ ಸೇರಿಸಿದ್ರೂ ಹಳೇ ವೈಫೈ ರೌಟರಿನ 12 ವೋಲ್ಟ್ 1 ಆಂಪ್ ಅಡಾಪ್ಟರ್ ಸಾಕು. ಮೇಲೆ ಬಿಐಎಸ್ ಗುರುತು, ಅದರ ಜೊತೆ ಆರ್ ಅಂತ ಶುರುವಾಗೋ ನಂಬರ್ ಇದೆಯಾ ನೋಡ್ಕೊಳ್ರಿ. ಫುಟ್‌ಪಾತಲ್ಲಿ ಮಾರೋ ಹೆಸರಿಲ್ಲದ ಅಡಾಪ್ಟರ್ ಬೇಡ, ಒಳಗೆ 230 ವೋಲ್ಟಿಗೂ 12 ವೋಲ್ಟಿಗೂ ನಡುವೆ ಸರಿಯಾದ ಅಂತರ ಇರೋದಿಲ್ಲ. ನಿಮ್ಮ ಬೆಂಕಿ ಪ್ರಶ್ನೆಗೆ ಉತ್ತರ ಇಲ್ಲೇ ಇರೋದು. 2-3 ಮಿಲಿ ಆಂಪಿನ ಎಲ್‌ಇಡಿ ಬೆಂಕಿ ಹಚ್ಚಲ್ಲ, ಬೆಂಕಿ ಬರೋದು ಶಾರ್ಟ್ ಆದಾಗ ಹಿಂದೆ ದೊಡ್ಡ ಪವರ್ ನಿಂತಿದ್ರೆ. ಹಳೇ ಕಂಪ್ಯೂಟರ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ), ಯುಪಿಎಸ್ ಬ್ಯಾಟರಿ ಬಳಸಿದ್ರೆ 12 ವೋಲ್ಟೇ ಆದ್ರೂ ಹತ್ತಾರು ಆಂಪ್ ಕೊಡೋ ತಾಕತ್ತು ಇರುತ್ತೆ, ನಿಮ್ಮ ಕೂದಲೆಳೆ ವೈರ್ ಕ್ಷಣದಲ್ಲಿ ಕೆಂಪಗಾಗುತ್ತೆ. 1 ಆಂಪ್ ಅಡಾಪ್ಟರ್ ಇಟ್ಟು, ಪ್ಲಾಟ್‌ಫಾರ್ಮ್, ಯಾರ್ಡ್, ಕ್ವಾರ್ಟರ್ಸ್ ಮೂರು ಭಾಗ ಮಾಡಿ ತಲಾ ಅರ್ಧ ಆಂಪಿನ ಫ್ಯೂಸ್ ಹಾಕ್ರಿ.

ರೈಲು ಓಡಿಸೋ ಕಂಟ್ರೋಲರ್ ಹಳಿ ಕಡೆಯಿಂದ ಮನೆ ದೀಪಕ್ಕೆ ಎಳೀಬೇಡ್ರಿ, ರೈಲು ನಿಂತ್ರೆ ಊರೆಲ್ಲ ಕತ್ತಲು. ಕೆಲವು ಕಂಟ್ರೋಲರಲ್ಲಿ 16 ವೋಲ್ಟ್ ಎಸಿ ಅಂತ ಇನ್ನೊಂದು ಔಟ್‌ಪುಟ್ ಇರುತ್ತೆ, ಎಸಿ 16 ಅಂದ್ರೆ ತುದಿಯಲ್ಲಿ 22 ವೋಲ್ಟ್ ಮುಟ್ಟುತ್ತೆ, ಎಲ್‌ಇಡಿ ಉಲ್ಟಾ ದಿಕ್ಕಿನಲ್ಲಿ ಸಾಮಾನ್ಯವಾಗಿ 5 ವೋಲ್ಟಿಗಿಂತ ತಡಿಯಲ್ಲ. ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನ ಒಂದೇ ದಿಕ್ಕಿನ ಕರೆಂಟ್ ಮಾಡೋ ನಾಲ್ಕು ಡಯೋಡಿನ ಜೋಡಣೆ) ಇಲ್ದೆ ಅದಕ್ಕೆ ಎಲ್‌ಇಡಿ ಮುಟ್ಟಿಸಬೇಡ್ರಿ.

ಇನ್ನ ಬೋಗಿ. ನಿಮ್ಮದು ಡಿಸಿ ಕಂಟ್ರೋಲರ್ ಅಂತ ಲಕ್ಷಣದಿಂದಲೇ ಗೊತ್ತಾಗುತ್ತೆ. ಹಳಿ ಮೇಲೆ ಸೊನ್ನೆಯಿಂದ 12 ವೋಲ್ಟ್ ತನಕ ಏರುತ್ತೆ, ರೈಲು ನಿಧಾನ ಹೋಗೋವಾಗ ಐದಾರು ವೋಲ್ಟ್ ಇರಬಹುದು. ಸ್ಟ್ರಿಪ್ಪಲ್ಲಿ ಮೂರು ಎಲ್‌ಇಡಿ ಸಾಲಾಗಿದಾವೆ, ಕಣ್ಣು ಬಿಡೋಕೇ ಏಳೂವರೆ ಎಂಟು ವೋಲ್ಟ್ ಬೇಕು, ಅದಕ್ಕೇ ಜೋರಾಗಿ ಓಡಿದ್ರೆ ಮಾತ್ರ ಉರಿಯೋದು. ಡಿಸಿಸಿ ಸಿಸ್ಟಂ (ಡಿಜಿಟಲ್ ಕಂಟ್ರೋಲ್) ಇದ್ದವ್ರಿಗೆ ಹಳಿ ಮೇಲೆ ಯಾವಾಗ್ಲೂ ಪೂರ್ತಿ ವೋಲ್ಟೇಜ್ ಇರೋದ್ರಿಂದ, ಬ್ರಿಡ್ಜ್ ಒಂದು ಹಾಕಿದ್ರೆ ಸ್ಟ್ರಿಪ್ ಚೆನ್ನಾಗೇ ಕೆಲ್ಸ ಮಾಡುತ್ತೆ. ನೀವು ಸ್ಟ್ರಿಪ್ ತೆಗೆದು ಬೋಗಿಗೆ ನಾಲ್ಕು ಬಿಡಿ ವಾರ್ಮ್ ವೈಟ್ ಎಲ್‌ಇಡಿ, ಪ್ರತಿಯೊಂದಕ್ಕೂ ಒಂದು 3.3 ಕೆ, ನಾಲ್ಕನ್ನೂ ಪ್ಯಾರಲಲ್ ಮಾಡ್ರಿ. ಅದರ ಹಿಂದೆ ಡಿಬಿ107 ಬ್ರಿಡ್ಜ್, ರೈಲು ಹಿಂದೆ ಮುಂದೆ ಹೋದ್ರೂ ಉರೀಬೇಕಲ್ಲ ಅದಕ್ಕೆ. ಬ್ರಿಡ್ಜಿಗೆ 1.4 ವೋಲ್ಟ್ ಹೋಗುತ್ತೆ, ಎಲ್‌ಇಡಿಗೆ 3, ನಾಲ್ಕೂವರೆ ವೋಲ್ಟಿಂದಲೇ ಉರಿಯೋಕೆ ಶುರು, ಅಂದ್ರೆ ರೈಲು ಹೊರಡೋ ಹೊತ್ತಿಗೆ ಬೋಗಿ ಬೆಳಗಿರುತ್ತೆ. ಪೂರ್ತಿ ನಿಂತಾಗ ಆರುತ್ತೆ, ಡಿಸಿಯಲ್ಲಿ ಅದು ಇದ್ದದ್ದೇ, ನಿಂತಾಗಲೂ ಬೇಕು ಅಂದ್ರೆ ಬೋಗಿ ಒಳಗೆ ಸೆಲ್ ಇಡ್ಬೇಕು.

ಮಿಣಮಿಣ ಅನ್ನೋದು ಚಕ್ರ, ಹಳಿ ನಡುವಿನ ಧೂಳಿಂದ. ಬ್ರಿಡ್ಜ್ ಆದ್ಮೇಲೆ 470 ಮೈಕ್ರೊಫ್ಯಾರಡ್ 25 ವೋಲ್ಟ್ ಕೆಪಾಸಿಟರ್ ಒಂದನ್ನ ಬೋಗಿಯ ಟಾಯ್ಲೆಟ್ ಕಡೆ ಮಲಗಿಸಿ ಹಾಕಿದ್ರೆ ಕಾಲು ಸೆಕೆಂಡಿನಷ್ಟು ಹೊತ್ತು ಅದು ತಡ್ಕೊಳ್ಳುತ್ತೆ, ಕಣ್ಣಿಗೆ ಮಿಣುಕು ಕಾಣಲ್ಲ. ಪ್ಲಸ್ ಮೈನಸ್ ತಿರುಗಾಮುರುಗಾ ಆದ್ರೆ ಕೆಪಾಸಿಟರ್ ಉಬ್ಬಿ ಸಿಡಿಯುತ್ತೆ, ಮೈಮೇಲಿನ ಬಿಳಿ ಪಟ್ಟೆ ಮೈನಸ್ ಕಡೆ. ಜೊತೆಗೆ ಮೆಡಿಕಲ್ ಶಾಪಲ್ಲಿ ಸಿಗೋ ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಗೆ ಹಚ್ಚಿ ಹಳಿ, ಚಕ್ರ ಒರೆಸ್ತಾ ಇರ್ರಿ, ಪವರ್ ಆಫ್ ಮಾಡಿ, ಕಿಟಕಿ ತೆಗೆದು. ಕಂಟ್ರೋಲರ್ ಹಿಂದೆ ಏನು ಬರೆದಿದಾರೆ ಅನ್ನೋದರ ಫೋಟೊ ಒಂದು ಕಳ್ಸ್ರಿ, ಡಿಸಿ ಅಂತ ಖಾತ್ರಿ ಆದ್ಮೇಲೇ ಬೋಗಿ ಬಿಚ್ಚೋದು ಒಳ್ಳೇದು.